ಪಾಲಾಗದ ನೀರು

ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲವನ್ನು ಅಳೆದು ಹಂಚಬಹುದು. ಮನೆಯ ನಡುವೆ ಗೋಡೆಯನ್ನೆಬ್ಬಿಸಬಹುದು. ಪಾತ್ರೆಪದಾರ್ಥಗಳನ್ನೂ ದನಕರುಗಳನ್ನೂ, ಕಡೆಗೆ ದೇವರ ಪೆಟ್ಟಿಗೆಯೊಳಗಿನ ಸಾಲಿಗ್ರಾಮಗಳನ್ನೂ ಎಣಿಸಿ ಇಬ್ಬಾಗ ಮಾಡಬಹುದು. ಆದರೆ ಹಿತ್ತಿಲ ಬಾವಿಯನ್ನು ಪಾಲುಮಾಡುವ ಬಗೆಯನ್ನು ಇದುವರೆಗೆ ಯಾವ ಪಂಚರೂ ಕಂಡುಹಿಡಿದಂತಿಲ್ಲ. ಬಾವಿಗೆ ಎರಡು ರಾಟೆಗಳನ್ನು ಕಟ್ಟಬಹುದು. ಸೇದುವ ಹೊತ್ತನ್ನು ಬೆಳಗು ಬೈಗೆಂದು ಗೊತ್ತುಮಾಡಬಹುದು. ಆದರೂ ಒಳಗಿರುವ ನೀರು ಒಂದೇ. ಅಣ್ಣನ ಮನೆಯ ಕೊಡ ತುಂಬಿದರೆ ತಮ್ಮನ ಮನೆಯವರಿಗೆ ನೀರು ತಗ್ಗಿದಂತೆ ತೋರುವುದು. ಪಾಲುಪಟ್ಟಿಗೆ ಸಹಿ ಬಿದ್ದ ಮರುವರ್ಷವೇ ದಾಯಾದಿಗಳಲ್ಲಿ ಹುಟ್ಟುವ ವ್ಯಾಜ್ಯಗಳಲ್ಲಿ ನೀರಿನ ವ್ಯಾಜ್ಯವೇ ಮೊದಲನೆಯದು; ಅನೇಕ ವೇಳೆ ಕಡೆಯದೂ ಅದೇ.

ಮನೆಗಳ ವಿಷಯದಲ್ಲಿ ನಿಜವಾದುದು ದೇಶಗಳ ವಿಷಯದಲ್ಲಿಯೂ ನಿಜ. ದೂರದ ದೇಶದೊಡನೆ ಸ್ನೇಹದಿಂದಿರುವುದು ಸುಲಭ; ಅದರೊಡನೆ ಹಂಚಿಕೊಳ್ಳಬೇಕಾದುದು ಏನೂ ಇರುವುದಿಲ್ಲ. ಕೌಟಿಲ್ಯನು ತನ್ನ ಅರ್ಥಶಾಸ್ತ್ರದ ಮಂಡಲಪ್ರಕರಣದಲ್ಲಿ ಎಲ್ಲೆಗೆ ಎಲ್ಲೆ ತಾಗಿದ ಅರಸನನ್ನು ಸಹಜ ಶತ್ರುವೆಂದೂ, ಆ ಶತ್ರುವಿನ ಆಚೆಯ ಅರಸನನ್ನು ಸಹಜ ಮಿತ್ರನೆಂದೂ ಎಣಿಸಿದುದು ಈ ಲೋಕಾನುಭವದಿಂದಲೇ. ಆದರೆ ಅದೇ ಕೌಟಿಲ್ಯನು ರಾಜನೀತಿಯ ಆರು ಗುಣಗಳನ್ನು ಹೇಳುವಾಗ ವಿಗ್ರಹವನ್ನು ಎರಡನೆಯದಾಗಿಯೂ ಸಂಧಿಯನ್ನು ಮೊದಲನೆಯದಾಗಿಯೂ ಇಟ್ಟಿರುವನು. ನೆರೆಯವನು ಶತ್ರುವಾಗಿರುವ ಕಾರಣದಿಂದಲೇ ಅವನೊಡನೆ ಸಂಧಿ ಬೇಕಾಗುವುದು. ಮಿತ್ರರಾಗಿದ್ದರೆ ಅಷ್ಟೊಂದು ಕಾಗದಗಳೇಕೆ? ಈ ಮಾತಿನ ಸತ್ಯವನ್ನು ತಿಳಿಯಲು ಸಿಂಧೂನದಿಯ ನೀರಿನ ಸಲುವಾಗಿ ಭಾರತ ಪಾಕಿಸ್ತಾನಗಳ ನಡುವೆ ನಡೆದ ದೀರ್ಘವಾದ ಸಂಧಾನಕ್ಕಿಂತ ಹೆಚ್ಚಿನ ನಿದರ್ಶನ ಬೇಕಾಗಿಲ್ಲ.

ಸಿಂಧು, ಝೇಲಂ, ಚಿನಾಬ್, ರಾವಿ, ಬಿಯಾಸ್, ಸತಲಜ್ ಎಂಬ ಆರು ನದಿಗಳು ಹಿಮಾಲಯದ ಕಡೆಯಿಂದ ಇಳಿದು ಪಂಜಾಬದ ಬಯಲನ್ನು ಸೇರುವುವು. ಇವೇ ವೇದಕಾಲದ ವಿತಸ್ತಾ, ಅಸಿಕ್ನೀ, ಪರುಷ್ಣೀ, ವಿಪಾಶಾ, ಶುತುದ್ರೀ ನದಿಗಳು. ಸಿಂಧುವೊಂದೇ ತನ್ನ ಹಳೆಯ ಹೆಸರನ್ನು ಹೆಚ್ಚು ಕೆಡಿಸಿಕೊಳ್ಳದೆ ಉಳಿಸಿಕೊಂಡಿದೆ. ಇಂಗ್ಲಿಷರ ಆಳಿಕೆಯಲ್ಲಿ ಈ ನದಿಗಳಿಗೆ ಅಡ್ಡಲಾಗಿ ಒಡ್ಡುಗಳನ್ನು ಕಟ್ಟಿ, ಕಾಲುವೆಗಳನ್ನು ತೋಡಿ, ಮಳೆ ಕಾಣದ ಬೀಳುನೆಲವನ್ನು ಗೋದಿಹತ್ತಿಗಳ ಬಯಲಾಗಿ ಮಾಡಿದರು. ಲೋಕದಲ್ಲಿಯೇ ಅತ್ಯಂತ ವಿಸ್ತಾರವಾದ ನೀರಾವರಿ ಏರ್ಪಾಡುಗಳಲ್ಲಿ ಇದೂ ಒಂದು. ಈ ಏರ್ಪಾಡನ್ನು ಕಟ್ಟಿದ ಎಂಜಿನಿಯರರು ಇದೆಲ್ಲವೂ ಒಂದೇ ಸರಕಾರದ ಕೈಯಲ್ಲಿರುವುದೆಂದು ನಂಬಿದ್ದರು. ಕಾಲುವೆಯ ತಲೆ ಒಂದು ದೇಶದಲ್ಲಿಯೂ ಒಡಲು ಇನ್ನೊಂದು ದೇಶದಲ್ಲಿಯೂ ಇರುವ ದಿನವೊಂದು ಬಂದೀತೆಂಬುದು ಅವರ ಕನಸಿನಲ್ಲಿಯೂ ಸುಳಿದಿರಲಾರದು.

ಆ ದಿನವು ೧೯೪೭ರಲ್ಲಿ ಬಂದಿತು. ಅದಕ್ಕೆ ಮೊದಲು ಭರತಖಂಡವನ್ನು ಕಾಣದಿದ್ದ ಸರ್ ಸಿರಿಲ್ ರ‍್ಯಾಡ್‌ಕ್ಲಿಫ್ ಎಂಬ ನ್ಯಾಯವಾದಿಯು ಜುಲೈ ತಿಂಗಳಲ್ಲಿ ಬಂದಿಳಿದು, ಸುಮಾರು ಐದು ವಾರಗಳಲ್ಲಿ ಪಂಜಾಬ ಬಂಗಾಳಗಳ ಎಲ್ಲೆಯನ್ನು ಎಳೆದರು. ಅವರ ತೀರ್ಪು ಆಗಸ್ಟ್ ೧೭ರಂದು, ಎಂದರೆ ಸ್ವಾತಂತ್ರ್ಯೋತ್ಸವಗಳು ಮುಗಿದ ಮೇಲೆ, ಪ್ರಕಟವಾಯಿತು. ಆ ಗೆರೆಯು ಊರುಗಳನ್ನೂ ರೈಲುದಾರಿಗಳನ್ನೂ ತುಂಡರಿಸಿದಂತೆ ಕಾಲುವೆಗಳನ್ನೂ ತುಂಡರಿಸಿತು. ರಾವಿಯ ಮೇಲಿನ ಮಾಧೋಪುರದ ತೂಬುಗಳೂ ಸತಲಜ್ ಮೇಲಿನ ಫಿರೋಜಪುರದ ತೂಬುಗಳೂ ಭಾರತಕ್ಕೆ ಬಂದುವು. ಅವುಗಳ ನೀರಿನಿಂದ ಬೆಳೆಯುವ ಎಷ್ಟೋ ಹೊಲಗಳು ಪಾಕಿಸ್ತಾನಕ್ಕೆ ಸೇರಿದುವು. ಒಬ್ಬನ ಕೈಯಲ್ಲಿ ಬೀಗದ ಕೈ, ಇನ್ನೊಬ್ಬನ ಕೈಯಲ್ಲಿ ಬರಿದಾದ ಕಣಜ ಎಂಬಂತಾಯಿತು.

ಇದ್ದುದು ಇದ್ದಂತೆ ನಡೆಯಲೆಂದು ಎರಡು ಪಂಜಾಬಗಳ ಅಧಿಕಾರಿಗಳೂ ೧೯೪೭ರ ಡಿಸೆಂಬರದಲ್ಲಿ ತಾತ್ಕಾಲಿಕವಾದ ಒಂದು ಕರಾರನ್ನು ಮಾಡಿಕೊಂಡಿದ್ದರು. ಅದರ ಅವಧಿಯು ೧೯೪೮ರ ಮಾರ್ಚ್ ೩೧ಕ್ಕೆ ತೀರಿತು. ಅದನ್ನು ಮುಂದುವರಿಸುವ ಕೆಲಸ ಆಗಲಿಲ್ಲ. ಏಪ್ರಿಲ್ ೧ರಂದು ಪೂರ್ವ ಪಂಜಾಬದವರು ಗಡಿದಾಟಿ ಹೋಗುತ್ತಿದ್ದ ಕಾಲುವೆಗಳ ನೀರನ್ನು ನಿಲ್ಲಿಸಿಬಿಟ್ಟರು. ಬಿತ್ತನೆಯ ದಿನಗಳು ಹತ್ತಿರವಾಗುತ್ತಿದ್ದ ಕಾಲ. ಕಾಶ್ಮೀರದಲ್ಲಿ ಆಗಲೇ ಯುದ್ಧ ನಡೆಯುತ್ತಿದ್ದ ಸಂದರ್ಭ. ಪಾಕಿಸ್ತಾನದ ಜನರ ಮನಸ್ಸಿನಲ್ಲಿ ಅಂದು ಹೊಕ್ಕ ಭಯವು ಮತ್ತೆ ಹೊರಗೆ ಹೋಗಲಿಲ್ಲ. ಮೇ ೪ರಂದು ದೆಹಲಿಯಲ್ಲಿ ಎರಡು ಸರಕಾರಗಳೂ ಒಂದು ಒಪ್ಪಂದಕ್ಕೆ ಬಂದುವು. ನೀರು ಮತ್ತೆ ಹರಿಯಿತು. ಆದರೆ ಒಮ್ಮೆ ನಿಂತ ನೀರು ಇನ್ನೊಮ್ಮೆಯೂ ನಿಲ್ಲಬಹುದೆಂಬ ಅರಿವು ನೀರಿನೊಡನೆ ಹರಿದುಹೋಗಲಿಲ್ಲ.

ಇಬ್ಬರ ವಾದಗಳನ್ನೂ ಕೇಳಿದವರಿಗೆ ಇಬ್ಬರಲ್ಲಿಯೂ ನ್ಯಾಯವಿದ್ದಂತೆಯೇ ತೋರುತ್ತಿತ್ತು. ನೆರೆಯವರ ವ್ಯಾಜ್ಯಗಳಲ್ಲಿ ಇದೇ ದೊಡ್ಡ ಕಷ್ಟ. ಪಾಕಿಸ್ತಾನದವರು “ಈ ನೀರನ್ನು ತಲೆಮಾರುಗಳಿಂದ ಉಂಡವರು ನಾವು; ಗೆರೆ ಎಳೆದ ಮಾತ್ರಕ್ಕೆ ಬಾಯಾರಿಕೆ ಎಲ್ಲಿ ಹೋಗುವುದು?” ಎಂದರು. ಭಾರತದವರು “ನಮ್ಮ ನೆಲದಲ್ಲಿ ಹರಿಯುವ ನದಿಗೆ ನಾವು ಒಡೆಯರು, ಇದುವರೆಗೆ ಕಾಲುವೆಯನ್ನು ಕಾಣದ ನಮ್ಮ ಪಂಜಾಬ ರಾಜಸ್ಥಾನಗಳ ಒಣನೆಲವು ಎಂದಿಗೂ ಒಣಗಿಯೇ ಇರಬೇಕೆ?” ಎಂದರು. ಮೊದಲನೆಯದು ರೂಢಿಯ ಹಕ್ಕು. ಎರಡನೆಯದು ಒಡೆತನದ ಹಕ್ಕು. ಗಡಿಯಾಚೆಯಿಂದ ಮನೆಮಾರುಗಳನ್ನು ಬಿಟ್ಟು ಬಂದ ಲಕ್ಷಾಂತರ ನಿರಾಶ್ರಿತರಿಗೆ ಭಾರತವು ಹೊಲ ಕೊಡಬೇಕಾಗಿತ್ತು, ಹೊಲಕ್ಕೆ ನೀರು ಕೊಡಬೇಕಾಗಿತ್ತು. ಪಾಕಿಸ್ತಾನಕ್ಕೆ ಇದ್ದ ಹೊಲಗಳೇ ಬೀಳು ಬೀಳುವ ಹೆದರಿಕೆ. ಸುಳ್ಳುಗಾರನ ಸಂಗಡ ವ್ಯವಹರಿಸುವುದು ಅಷ್ಟು ಕಷ್ಟವಲ್ಲ; ತನ್ನ ಮಟ್ಟಿಗೆ ಸತ್ಯವನ್ನೇ ಹೇಳುತ್ತಿರುವ ಎದುರಾಳಿಯೊಡನೆ ವ್ಯವಹರಿಸುವುದೇ ಕಷ್ಟ.

ಹೀಗಿರುವಾಗ ೧೯೫೧ರಲ್ಲಿ ಡೇವಿಡ್ ಲಿಲಿಯೆಂಥಾಲರೆಂಬ ಅಮೆರಿಕದ ಗೃಹಸ್ಥರು ಎರಡು ದೇಶಗಳಲ್ಲಿಯೂ ಸಂಚಾರ ಮಾಡಿದರು. ಇವರು ತಮ್ಮ ದೇಶದಲ್ಲಿ ಟೆನೆಸಿ ನದಿಯ ಕಣಿವೆಯ ಮಂಡಲಿಗೆ ಅಧ್ಯಕ್ಷರಾಗಿದ್ದವರು. ನದಿಯೊಂದನ್ನು ತಲೆಯಿಂದ ತುದಿಯವರೆಗೆ ಒಂದಾಗಿ ನೋಡುವ ಅಭ್ಯಾಸವುಳ್ಳವರು. ಹಿಂದಿರುಗಿದ ಮೇಲೆ ಅವರು ಬರೆದ ಲೇಖನವೊಂದರಲ್ಲಿ, ಸಿಂಧುವಿನ ನೀರು ರಾಜಕಾರಣಿಗಳ ವ್ಯಾಜ್ಯವಲ್ಲ, ಎಂಜಿನಿಯರರ ಲೆಕ್ಕ; ಸಮುದ್ರಕ್ಕೆ ವ್ಯರ್ಥವಾಗಿ ಹೋಗುವ ನೀರನ್ನು ತಡೆದರೆ ಇಬ್ಬರಿಗೂ ಸಾಲುವುದು; ಎರಡು ದೇಶಗಳೂ ಕೂಡಿ ಒಂದೇ ಯೋಜನೆಯಿಂದ ಈ ಕೆಲಸವನ್ನು ಮಾಡಲಿ, ಜಾಗತಿಕ ಬ್ಯಾಂಕು ಹಣಸಹಾಯ ಮಾಡಲಿ ಎಂದು ಸೂಚಿಸಿದರು. ಆ ಬ್ಯಾಂಕಿನ ಅಧ್ಯಕ್ಷರಾದ ಯೂಜೀನ್ ಬ್ಲ್ಯಾಕರು ಈ ಸೂಚನೆಯನ್ನು ಹಿಡಿದು ಎರಡು ದೇಶಗಳ ಪ್ರಧಾನಿಗಳಿಗೂ ಪತ್ರ ಬರೆದರು. ಇಬ್ಬರೂ ಒಪ್ಪಿದರು. ತಮ್ಮ ಹಕ್ಕುಗಳ ವಾದವನ್ನು ಬಿಟ್ಟುಕೊಡದೆಯೇ, ಆದರೆ ಅದನ್ನು ಸ್ವಲ್ಪ ಬದಿಗಿರಿಸಿ, ಮಾತಿಗೆ ಕುಳಿತುಕೊಳ್ಳುವುದೆಂದು ಒಪ್ಪಿದುದೇ ಈ ಸಂಧಾನದ ಮೊದಲನೆಯ ಜಯ.

೧೯೫೨ರ ಮೇ ತಿಂಗಳಲ್ಲಿ ವಾಷಿಂಗ್ಟನ್ ನಗರದಲ್ಲಿ ಮೂರು ಪಕ್ಷದ ಎಂಜಿನಿಯರರೂ ಸೇರಿದರು. ಇವರಲ್ಲಿ ಭಾರತದವರೂ ಪಾಕಿಸ್ತಾನದವರೂ ಅನೇಕರು ಐದು ವರ್ಷಗಳ ಹಿಂದೆ ಒಂದೇ ಇಲಾಖೆಯಲ್ಲಿ ದುಡಿದವರು. ಅವೇ ಕಾಲುವೆಗಳನ್ನು, ಅವೇ ತೂಬುಗಳನ್ನು ಬಲ್ಲವರು. ಒಬ್ಬರ ಲೆಕ್ಕದಲ್ಲಿನ ಜಾಣತನವು ಇನ್ನೊಬ್ಬರಿಗೆ ಮರೆಯಾಗುವಂತಿರಲಿಲ್ಲ. ಮುಂದೆ ಕರಾಚಿಯಲ್ಲಿಯೂ ದೆಹಲಿಯಲ್ಲಿಯೂ ಸಭೆಗಳಾದುವು. ೧೯೫೩ರ ಅಕ್ಟೋಬರದಲ್ಲಿ ಎರಡು ಪಕ್ಷದವರೂ ತಮ್ಮ ತಮ್ಮ ಯೋಜನೆಗಳನ್ನು ಮುಂದಿಟ್ಟರು. ಒಂದು ಎಕರೆ ನೆಲದ ಮೇಲೆ ಒಂದು ಅಡಿ ಎತ್ತರವಾಗಿ ನಿಲ್ಲುವ ನೀರಿಗೆ ಎಕರೆ-ಅಡಿಯೆಂದು ಹೆಸರು. ಭಾರತದ ಯೋಜನೆಯಲ್ಲಿ ಭಾರತಕ್ಕೆ ೨ ಕೋಟಿ ೯೦ ಲಕ್ಷ ಎಕರೆ-ಅಡಿ, ಪಾಕಿಸ್ತಾನಕ್ಕೆ ೯ ಕೋಟಿ. ಪಾಕಿಸ್ತಾನದ ಯೋಜನೆಯಲ್ಲಿ ಭಾರತಕ್ಕೆ ೧ ಕೋಟಿ ೫೫ ಲಕ್ಷ, ಪಾಕಿಸ್ತಾನಕ್ಕೆ ೧೦ ಕೋಟಿ ೨೫ ಲಕ್ಷ. ಒಟ್ಟು ನೀರೆಷ್ಟೆಂಬುದರಲ್ಲಿ ಇಬ್ಬರ ಲೆಕ್ಕವೂ ಹೆಚ್ಚುಕಡಮೆ ಒಂದೇ ಆಗಿತ್ತು. ಹಂಚಬೇಕಾದ ಧಾನ್ಯದ ರಾಶಿಯ ಅಳತೆಯಲ್ಲಿ ಒಮ್ಮತವಿದ್ದ ಮೇಲೆ ಜಗಳವು ಬಳ್ಳಮಾನಗಳ ಜಗಳವಾಗಿ ಉಳಿಯುವುದು. ಅಂತಹ ಜಗಳಕ್ಕೆ ಎಂದಾದರೊಂದು ದಿನ ಕೊನೆಯುಂಟು.

ಆದರೂ ಮಾತು ಮುಂದೆ ಸಾಗಲಿಲ್ಲ. ಲಿಲಿಯೆಂಥಾಲರ ಸೂಚನೆಯಂತೆ ಎರಡು ದೇಶಗಳೂ ಕೂಡಿ ನದಿಗಳನ್ನು ಆಳುವುದೆಂಬುದು ಕೇಳುವುದಕ್ಕೆ ಸೊಗಸಾಗಿದ್ದಿತೇ ಹೊರತು, ಒಬ್ಬರನ್ನೊಬ್ಬರು ನಂಬದವರಿಂದ ಆಗುವಂತಹದಾಗಿರಲಿಲ್ಲ. ಇದನ್ನು ಕಂಡುಕೊಂಡ ಬ್ಯಾಂಕಿನವರು ೧೯೫೪ರ ಫೆಬ್ರವರಿ ೫ರಂದು ತಾವೇ ಒಂದು ಸಲಹೆಯನ್ನು ಮುಂದಿಟ್ಟರು. ನೀರನ್ನು ಹಂಚುವುದು ಬೇಡ, ನದಿಗಳನ್ನೇ ಹಂಚೋಣ. ಪೂರ್ವದ ಮೂರು ನದಿಗಳಾದ ರಾವಿ, ಬಿಯಾಸ್, ಸತಲಜ್‌ಗಳು ಭಾರತಕ್ಕೆ. ಪಶ್ಚಿಮದ ಮೂರು ನದಿಗಳಾದ ಸಿಂಧು, ಝೇಲಂ, ಚಿನಾಬ್‌ಗಳು ಪಾಕಿಸ್ತಾನಕ್ಕೆ. ಪೂರ್ವದ ನದಿಗಳಿಂದ ಪಾಕಿಸ್ತಾನದ ಹೊಲಗಳಿಗೆ ಹೋಗುತ್ತಿದ್ದ ನೀರಿಗೆ ಬದಲಾಗಿ ಪಶ್ಚಿಮದ ನದಿಗಳಿಂದ ಹೊಸ ಕಾಲುವೆಗಳು. ಆ ಕೆಲಸ ಮುಗಿಯುವವರೆಗೆ ಭಾರತವು ನೀರನ್ನು ಬಿಡುತ್ತಿರಬೇಕು. ನದೀಶಾಸ್ತ್ರದ ಕಣ್ಣಿನಿಂದ ನೋಡಿದರೆ ಇದು ಒಳ್ಳೆಯ ಏರ್ಪಾಡಲ್ಲ. ಒಂದು ಜಲಾನಯನಭೂಮಿಯನ್ನು ಒಂದು ದೇಹದಂತೆ ಕಾಣಬೇಕೆಂಬುದು ಆ ಶಾಸ್ತ್ರದ ಮತ. ಇಲ್ಲಿ ಆ ದೇಹವನ್ನೇ ಸೀಳಿದಂತಾಯಿತು. ಆದರೆ ಮನುಷ್ಯಶಾಸ್ತ್ರದ ಕಣ್ಣಿನಿಂದ ನೋಡಿದರೆ ಇದಕ್ಕಿಂತ ಜಾಣತನದ ಮಾತು ಇನ್ನೊಂದಿರಲಾರದು. ಪ್ರೀತಿ ಇಲ್ಲದವರನ್ನು ಒಂದೇ ಒಲೆಯ ಮುಂದೆ ಕುಳ್ಳಿರಿಸುವುದಕ್ಕಿಂತ ಎರಡು ಒಲೆಗಳನ್ನು ಹೂಡಿಕೊಡುವುದು ಮೇಲು. ದಿನದಿನವೂ ಒಬ್ಬರ ದಾಕ್ಷಿಣ್ಯವನ್ನು ಇನ್ನೊಬ್ಬರು ಬೇಡಬೇಕಾದ ಸ್ಥಿತಿಯನ್ನು ತಪ್ಪಿಸಿದರೆ ಅರ್ಧ ವೈರವು ತಪ್ಪಿದಂತೆಯೇ ಸರಿ.

ಭಾರತವು ಬೇಗನೆ ಒಪ್ಪಿತು. ಪಾಕಿಸ್ತಾನವು ಹಿಂದೆಮುಂದೆ ನೋಡಿತು. ಅದಕ್ಕೆ ಕಾರಣವೂ ಇತ್ತು. ಕೈಗೆ ಬರುತ್ತಿದ್ದ ನೀರನ್ನು ಬಿಟ್ಟು, ಇನ್ನೂ ತೋಡದ ಕಾಲುವೆಯ ನೀರನ್ನು ನಂಬಬೇಕಾಗಿತ್ತು; ಪಶ್ಚಿಮದ ನದಿಗಳಲ್ಲಿ ಚಳಿಗಾಲದ ಹರಿವು ಸಾಲದೆಂದೂ, ನೀರನ್ನು ಕೂಡಿಡಲು ದೊಡ್ಡ ಕಟ್ಟೆಗಳಿಲ್ಲದೆ ಈ ಏರ್ಪಾಡು ನಡೆಯದೆಂದೂ ಅವರು ವಾದಿಸಿದರು. ಹೀಗೆ ವಾದ ಪ್ರತಿವಾದಗಳಲ್ಲಿ ಐದು ವರ್ಷಗಳು ಕಳೆದುವು. ಭಾರತದ ಪಕ್ಷದಲ್ಲಿ ನಿರಂಜನದಾಸ ಗುಲ್ಹಾಟಿಯವರೂ, ಪಾಕಿಸ್ತಾನದ ಪಕ್ಷದಲ್ಲಿ ಮುಈನುದ್ದೀನರೂ, ಬ್ಯಾಂಕಿನ ಪಕ್ಷದಲ್ಲಿ ಉಪಾಧ್ಯಕ್ಷರಾದ ಇಲಿಫ್ ಸಾಹೇಬರೂ ಸಂಧಾನವನ್ನು ನಡೆಸಿದರು. ಪಾಕಿಸ್ತಾನದಲ್ಲಿ ಈ ನಡುವೆ ಸರಕಾರಗಳು ಒಂದಾದ ಮೇಲೊಂದು ಬಿದ್ದು, ೧೯೫೮ರಲ್ಲಿ ಸೇನಾಪತಿಗಳ ಆಳಿಕೆಯೇ ಬಂದಿತು. ಆದರೂ ಲೆಕ್ಕದ ಕಾಗದಗಳನ್ನು ಯಾರೂ ಹರಿದೆಸೆಯಲಿಲ್ಲ. ರಾಜ್ಯತಂತ್ರದಲ್ಲಿ ಚಾತುರ್ಯಕ್ಕೆ ಇರುವ ಹೆಸರು ತಾಳ್ಮೆಗೆ ಇಲ್ಲ. ಆದರೆ ಕೆಲಸವಾಗುವುದು ಬಹುಮಟ್ಟಿಗೆ ತಾಳ್ಮೆಯಿಂದಲೇ.

ಕಡೆಗೆ ಗಂಟು ಬಿಚ್ಚಿದುದು ಹಣದಿಂದ. ಹೊಸ ಕಾಲುವೆಗಳ, ಕಟ್ಟೆಗಳ ವೆಚ್ಚವನ್ನು ಯಾರು ಹೊರಬೇಕೆಂಬ ಪ್ರಶ್ನೆಯನ್ನು ೧೯೫೯ರಲ್ಲಿ ಬ್ಲ್ಯಾಕರು ತಾವೇ ದೆಹಲಿ ಕರಾಚಿಗಳಿಗೆ ಬಂದು ಬಿಡಿಸಿದರು. ಭಾರತವು ೬ ಕೋಟಿ ೨೦ ಲಕ್ಷ ೬೦ ಸಾವಿರ ಪೌಂಡುಗಳನ್ನು ಹತ್ತು ಸಮನಾದ ವಾರ್ಷಿಕ ಕಂತುಗಳಲ್ಲಿ ಕೊಡುವುದೆಂದು ನಿಶ್ಚಯವಾಯಿತು. ಉಳಿದ ಹಣವನ್ನು ಅಮೆರಿಕ, ಇಂಗ್ಲೆಂಡು, ಕೆನಡ, ಆಸ್ಟ್ರೇಲಿಯ, ನ್ಯೂಜಿಲೆಂಡು, ಪಶ್ಚಿಮ ಜರ್ಮನಿಗಳೂ ಬ್ಯಾಂಕೂ ಕೂಡಿಸಿಕೊಟ್ಟುವು. ವ್ಯಾಜ್ಯದಲ್ಲಿ ಮಧ್ಯಸ್ಥನಾಗಿ ಬಂದವನು ಬರಿಯ ಉಪದೇಶವನ್ನು ತಂದರೆ ಅವನಿಗೆ ಮರ್ಯಾದೆ ಸಿಕ್ಕೀತು, ಫಲ ಸಿಕ್ಕದು. ಪಾಲುಗಾರರ ನಡುವಿನ ಕೊರತೆಯನ್ನು ತನ್ನ ಚೀಲದಿಂದ ತುಂಬಿಕೊಡುವ ಪಂಚನ ಮಾತಿಗೆ ಬೇರೆಯ ತೂಕವೇ ಇರುವುದು.

೧೯೬೦ರ ಸೆಪ್ಟೆಂಬರ್ ೧೯ರಂದು ಕರಾಚಿಯಲ್ಲಿ ಶ್ರೀ ಜವಾಹರಲಾಲ ನೆಹರೂ ಅವರೂ ಫೀಲ್ಡ್ ಮಾರ್ಷಲ್ ಅಯೂಬ್ ಖಾನರೂ ಒಪ್ಪಂದಕ್ಕೆ ಸಹಿ ಹಾಕಿದರು; ಬ್ಯಾಂಕಿನ ಪರವಾಗಿ ಇಲಿಫರು ಸಹಿ ಮಾಡಿದರು. ಆರು ನದಿಗಳ ನೀರಿನಲ್ಲಿ ನೂರಕ್ಕೆ ಸುಮಾರು ಎಂಬತ್ತು ಪಾಲು ಪಾಕಿಸ್ತಾನಕ್ಕೂ ಇಪ್ಪತ್ತು ಪಾಲು ಭಾರತಕ್ಕೂ ಸೇರಿದಂತಾಯಿತು. ಪಶ್ಚಿಮದ ನದಿಗಳಲ್ಲಿಯೂ ಮನೆಬಳಕೆಗೆ, ಮಿತವಾದ ಬೇಸಾಯಕ್ಕೆ, ಹರಿವನ್ನು ಹೆಚ್ಚಾಗಿ ತಡೆಯದೆ ವಿದ್ಯುಚ್ಛಕ್ತಿಯನ್ನು ಪಡೆಯುವುದಕ್ಕೆ ಭಾರತಕ್ಕೆ ಅವಕಾಶವುಳಿಯಿತು. ಇದರಿಂದ ಎರಡು ದೇಶಗಳಲ್ಲಿಯೂ ಸಂತೋಷಪಟ್ಟವರಿಗಿಂತ ಗೊಣಗಿದವರೇ ಹೆಚ್ಚು. ಭಾರತದ ಲೋಕಸಭೆಯಲ್ಲಿ, ನೀರನ್ನೂ ಕೊಟ್ಟು ಹಣವನ್ನೂ ಕೊಡುವುದೇ ಎಂದು ಆಕ್ಷೇಪಿಸಿದರು; ಕೊಟ್ಟ ಹಣಕ್ಕೆ ಶಾಂತಿಯನ್ನು ಕೊಂಡಂತಾಯಿತೆಂಬುದು ನೆಹರೂ ಅವರ ಸಮಾಧಾನವಾಗಿತ್ತು. ಪಾಕಿಸ್ತಾನದಲ್ಲಿ, ಮೂರು ನದಿಗಳನ್ನು ಮಾರಿಕೊಂಡರೆಂದು ಆಳುವವರನ್ನು ದೂರಿದರು. ಇಬ್ಬರೂ ತಮಗೆ ನಷ್ಟವಾಯಿತೆಂದು ತಿಳಿದುಕೊಂಡ ತೀರ್ಪು ಬಹುಶಃ ನ್ಯಾಯಕ್ಕೆ ಹತ್ತಿರವಾಗಿಯೇ ಇರುವುದು.

ಈ ಒಡಂಬಡಿಕೆಯ ಹನ್ನೆರಡು ವಿಧಿಗಳಲ್ಲಿಯೂ ಎಂಟು ಅನುಬಂಧಗಳಲ್ಲಿಯೂ ಸ್ನೇಹದ ಮಾತಿಗಿಂತ ಅಳತೆಯ ಮಾತೇ ಹೆಚ್ಚು. ಅದರ ಬಲವಿರುವುದು ಅಲ್ಲಿಯೇ. ಎರಡು ದೇಶಗಳಿಗೂ ಒಬ್ಬೊಬ್ಬ ಕಮಿಷನರು. ಇವರಿಬ್ಬರೂ ಕೂಡಿ ಒಂದು ಶಾಶ್ವತ ಆಯೋಗ. ವರ್ಷಕ್ಕೆ ಒಂದು ಬಾರಿಯಾದರೂ, ಒಮ್ಮೆ ಅಲ್ಲಿ ಒಮ್ಮೆ ಇಲ್ಲಿ, ಇವರು ಸೇರಬೇಕು. ತಿಂಗಳು ತಿಂಗಳೂ ನದಿಗಳ ಹರಿವಿನ ಲೆಕ್ಕವನ್ನು ಪರಸ್ಪರ ಕಳುಹಿಸಬೇಕು. ಇವರಿಂದ ತೀರದ ಪ್ರಶ್ನೆಯನ್ನು ತಟಸ್ಥನಾದ ತಜ್ಞನ ಮುಂದೆಯೂ, ದೊಡ್ಡ ವಿವಾದವನ್ನು ಪಂಚಾಯಿತಿಯ ನ್ಯಾಯಸಭೆಯ ಮುಂದೆಯೂ ಇಡಬೇಕು. ೧೯೬೫ರಲ್ಲಿ ಯುದ್ಧವಾಯಿತು, ಆ ಕಾಲದಲ್ಲಿಯೂ ಭಾರತವು ತನ್ನ ಕಂತಿನ ಹಣವನ್ನು ತಡೆಹಿಡಿಯಲಿಲ್ಲ. ೧೯೬೭ರಲ್ಲಿ ಝೇಲಂ ಮೇಲೆ ಮಂಗ್ಲಾ ಕಟ್ಟೆ ಮುಗಿಯಿತು. ೧೯೭೧ರಲ್ಲಿ ಮತ್ತೆ ಯುದ್ಧ. ೧೯೯೯ರಲ್ಲಿ ಕಾರ್ಗಿಲ್ ಬೆಟ್ಟಗಳ ಮೇಲೆ ಕಾಳಗ. ರಾಯಭಾರಿಗಳು ಹಿಂದಿರುಗಿದರು, ರೈಲುಗಳು ನಿಂತುವು, ಪತ್ರಿಕೆಗಳಲ್ಲಿ ಬೆಂಕಿ ಹಾರಿತು; ಒಡಂಬಡಿಕೆಯು ಮಾತ್ರ ಮುರಿಯಲಿಲ್ಲ. ೨೦೨೨ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಸೇರಿದುದು ಆ ಆಯೋಗದ ೧೧೮ನೆಯ ಸಭೆ.

ಜಗಳಗಳೂ ಇಲ್ಲದೆ ಇರಲಿಲ್ಲ. ಚಿನಾಬ್ ಮೇಲಿನ ಸಲಾಲ್ ಕಟ್ಟೆಯ ವಿಷಯದಲ್ಲಿ ೧೯೭೮ರಲ್ಲಿ ಎರಡು ಸರಕಾರಗಳೂ ನೇರವಾಗಿಯೇ ಮಾತಾಡಿ ಒಪ್ಪಿಕೊಂಡುವು. ಬಗ್ಲಿಹಾರದ ಕಟ್ಟೆಯ ವಿವಾದವು ಸ್ವಿಟ್ಜರ್ಲೆಂಡಿನ ರೇಮಂಡ್ ಲಫಿಟ್ ಎಂಬ ಎಂಜಿನಿಯರರ ಮುಂದೆ ಹೋಯಿತು. ಅವರು ೨೦೦೭ರಲ್ಲಿ ಕಟ್ಟೆಯ ರಚನೆಯನ್ನು ಬಹುಮಟ್ಟಿಗೆ ಎತ್ತಿಹಿಡಿದು ಎತ್ತರ ಮೊದಲಾದುವುಗಳಲ್ಲಿ ಕೆಲವು ತಿದ್ದುಪಡಿಗಳನ್ನು ಸೂಚಿಸಿದಾಗ, ಗೆದ್ದವರು ತಾವೆಂದು ಇಬ್ಬರೂ ಹೇಳಿಕೊಂಡರು. ಕಿಶನ್‌ಗಂಗಾ ವಿವಾದದಲ್ಲಿ ನ್ಯಾಯಸಭೆಯು ೨೦೧೩ರಲ್ಲಿ, ಭಾರತವು ನೀರನ್ನು ತಿರುಗಿಸಿಕೊಳ್ಳಬಹುದು, ಆದರೆ ಸೆಕೆಂಡಿಗೆ ೯ ಘನಮೀಟರಿಗೆ ಕಡಮೆಯಿಲ್ಲದಂತೆ ನದಿಯಲ್ಲಿ ಬಿಡಬೇಕೆಂದು ತೀರ್ಮಾನಿಸಿತು. ಜಗಳವಿರುವುದು ರೋಗದ ಕುರುಹಲ್ಲ. ಜಗಳಕ್ಕೊಂದು ಜಗುಲಿ ಇಲ್ಲದಿರುವುದೇ ರೋಗ.

ಈ ಎರಡು ದೇಶಗಳ ನಡುವೆ ಹೀಗೆ ಸದ್ದಿಲ್ಲದೆ ನಡೆದುಬಂದ ಕೆಲಸಗಳು ಬೇರೆಯೂ ಉಂಟು. ೧೯೬೫ರಲ್ಲಿ ಕಚ್ಛದ ರಣಭೂಮಿಯ ಸಲುವಾಗಿ ಕಾದಿದ ಮೇಲೆ ಮೂವರು ಪಂಚರ ಮುಂದೆ ವಿಷಯವನ್ನಿಟ್ಟರು. ಅಧ್ಯಕ್ಷರು ಸ್ವೀಡನ್ ದೇಶದವರು; ಭಾರತವು ಆರಿಸಿದವರು ಯುಗೋಸ್ಲಾವಿಯದವರು; ಪಾಕಿಸ್ತಾನವು ಆರಿಸಿದವರು ಇರಾಣದವರು. ೧೯೬೮ರ ಫೆಬ್ರವರಿಯಲ್ಲಿ ಅವರು ಬಹುಮತದಿಂದ ವಿವಾದದ ನೆಲದಲ್ಲಿ ಸುಮಾರು ಹತ್ತರಲ್ಲೊಂದು ಪಾಲನ್ನು ಪಾಕಿಸ್ತಾನಕ್ಕೂ ಉಳಿದುದನ್ನು ಭಾರತಕ್ಕೂ ಕೊಟ್ಟರು. ಭಾರತದಲ್ಲಿ ಅಸಮಾಧಾನವೆದ್ದರೂ ಸರಕಾರವು ಕೊಟ್ಟ ಮಾತಿಗೆ ತಪ್ಪದೆ ಗಡಿಗಲ್ಲುಗಳನ್ನು ನೆಡಿಸಿತು. ೧೯೮೮ರ ಡಿಸೆಂಬರ್ ೩೧ರಂದು, ಒಬ್ಬರ ಅಣುಶಕ್ತಿಕೇಂದ್ರಗಳ ಮೇಲೆ ಇನ್ನೊಬ್ಬರು ದಾಳಿಮಾಡಬಾರದೆಂಬ ಕರಾರಾಯಿತು. ಅದರಂತೆ ೧೯೯೨ರಿಂದ ಮೊದಲಾಗಿ ಪ್ರತಿವರ್ಷ ಜನವರಿ ೧ರಂದು ಇಬ್ಬರೂ ತಮ್ಮ ಕೇಂದ್ರಗಳ ಪಟ್ಟಿಯನ್ನು ಒಬ್ಬರಿಗೊಬ್ಬರು ಕೊಡುತ್ತ ಬಂದಿರುವರು. ವೈರಿಯ ಕೈಗೆ ತನ್ನ ಮರ್ಮಸ್ಥಾನಗಳ ಪಟ್ಟಿಯನ್ನು ತಾನೇ ಕೊಡುವುದು ವಿಚಿತ್ರವಾಗಿ ತೋರಬಹುದು. ಆದರೆ ನಂಬಿಕೆಯಿಲ್ಲದ ಕಡೆಯಲ್ಲಿ ಬಾಳುವ ಬಗೆಯೇ ಇಂತಹದು.

ಇಷ್ಟು ಹೇಳಿದ ಮೇಲೆ ಸಿಂಧೂ ಒಡಂಬಡಿಕೆಯ ಕೊರತೆಗಳನ್ನೂ ಹೇಳಬೇಕು. ಅದು ೧೯೬೦ರ ಜ್ಞಾನದಿಂದ ಬರೆದುದು. ಅಂದಿಗಿಂತ ಇಂದು ಎರಡು ದೇಶಗಳಲ್ಲಿಯೂ ಬಾಯಿಗಳು ಎಷ್ಟೋ ಪಾಲು ಹೆಚ್ಚಿವೆ. ಹಿಮಾಲಯದ ನೀರ್ಗಲ್ಲುಗಳು ಕರಗುತ್ತಿವೆ. ಕೊಳವೆಬಾವಿಗಳು ನೆಲದೊಳಗಿನ ನೀರನ್ನು ಎರಡು ಕಡೆಯಲ್ಲಿಯೂ ಬಸಿದುಹಾಕುತ್ತಿವೆ. ಇವುಗಳಿಗೆ ತಕ್ಕ ಉತ್ತರವು ಆ ಕಾಗದದಲ್ಲಿಲ್ಲ. ನದಿಗಳು ಇಳಿದುಬರುವ ಜಮ್ಮು ಕಾಶ್ಮೀರದ ಜನರಿಗೆ, ತಮ್ಮ ಮನೆಯಂಗಳದಲ್ಲಿ ಹರಿಯುವ ನೀರನ್ನು ತಾವು ಬಳಸಿಕೊಳ್ಳದಂತಾಯಿತೆಂಬ ಅಸಮಾಧಾನವೂ ಹಳೆಯದು. ಭಾರತವು ೨೦೨೩ರ ಜನವರಿಯಲ್ಲಿಯೂ ೨೦೨೪ರಲ್ಲಿಯೂ ಒಡಂಬಡಿಕೆಯನ್ನು ತಿದ್ದಬೇಕೆಂದು ಪಾಕಿಸ್ತಾನಕ್ಕೆ ಸೂಚನಾಪತ್ರಗಳನ್ನು ಕಳುಹಿಸಿತು. ೨೦೨೫ರ ಏಪ್ರಿಲ್ ೨೨ರಂದು ಕಾಶ್ಮೀರದ ಪಹಲ್‌ಗಾಮಿನಲ್ಲಿ ಆಯುಧಪಾಣಿಗಳು ೨೬ ಮಂದಿಯನ್ನು ಕೊಂದರು. ಮರುದಿನವೇ ಭಾರತವು, ಗಡಿಯಾಚೆಯಿಂದ ಬರುವ ಹಿಂಸೆಗೆ ಪಾಕಿಸ್ತಾನವು ನೀಡುವ ಬೆಂಬಲವು ನಂಬುವಂತಹ ರೀತಿಯಲ್ಲಿ ನಿಲ್ಲುವವರೆಗೆ ಒಡಂಬಡಿಕೆಯನ್ನು ಅಮಾನತಿನಲ್ಲಿಡಲಾಗಿದೆಯೆಂದು ಸಾರಿತು. ತನ್ನ ಮೇಲಿನ ಆರೋಪವನ್ನು ಪಾಕಿಸ್ತಾನವು ಅಲ್ಲಗಳೆದು, ತನ್ನ ಪಾಲಿನ ನೀರನ್ನು ತಡೆಯುವುದನ್ನು ಯುದ್ಧವೆಂದೇ ಎಣಿಸುವುದಾಗಿ ಹೇಳಿತು. ಮೇ ೭ರಿಂದ ೧೦ರವರೆಗೆ ನಾಲ್ಕು ದಿನ ಕಾಳಗವೂ ನಡೆದು ನಿಂತಿತು. ಮೂರು ಕಾಳಗಗಳನ್ನು ದಾಟಿ ಬಂದ ಒಡಂಬಡಿಕೆಯು ಹೀಗೆ ಅರುವತ್ತೈದನೆಯ ವರ್ಷದಲ್ಲಿ ಮೂಲೆಗೆ ಸರಿಯಿತು.

ಇದರಲ್ಲಿ ಆಶ್ಚರ್ಯಪಡಬೇಕಾದುದು ಒಡಂಬಡಿಕೆಯು ನಿಂತುದಲ್ಲ, ಅಷ್ಟು ಕಾಲ ನಡೆದುದು. ಹಗೆತನವನ್ನು ಕಳೆಯುವ ಶಕ್ತಿಯು ಯಾವ ಕರಾರಿಗೂ ಇಲ್ಲ. ಹಗೆತನವಿದ್ದರೂ ಇಂತಹ ಒಂದು ಕೆಲಸವನ್ನು ಮಾಡಬಾರದು, ಇಂತಹ ಒಂದು ಬಾಗಿಲನ್ನು ಮುಚ್ಚಬಾರದು ಎಂಬ ಕಟ್ಟಳೆಯನ್ನು ಹಾಕುವುದಷ್ಟೇ ಅದರಿಂದಾಗುವ ಉಪಕಾರ. ಆ ಉಪಕಾರವನ್ನು ಅಲ್ಪವೆಂದು ತಿಳಿಯುವವರು ಝಂಗ್ ಸೀಮೆಯಲ್ಲಿಯೋ ಗುರುದಾಸಪುರದ ಸೀಮೆಯಲ್ಲಿಯೋ ಬೇಸಾಯ ಮಾಡಿದವರಾಗಿರಲಾರರು. ನೆತ್ತರು ಹರಿಸಿದವರೊಡನೆ ನೀರನ್ನು ಹಂಚಿಕೊಳ್ಳಬೇಕೆ ಎಂಬ ಪ್ರಶ್ನೆಯಲ್ಲಿ ಸತ್ತವರ ಮನೆಯ ದುಃಖವಿರುವುದರಿಂದ ಅದನ್ನು ಯಾರೂ ಹಗುರವಾಗಿ ತಳ್ಳಿಹಾಕಲಾಗದು. ಆದರೆ ಕೊಂದವನ ಕೈಗೂ ನೀರಿಗೆ ಕಾದು ಕುಳಿತ ಒಕ್ಕಲಿಗನ ಕೈಗೂ ಇರುವ ಅಂತರವನ್ನು ಮರೆಯುವುದೂ ನ್ಯಾಯವಲ್ಲ. ಈ ಎರಡು ಮಾತುಗಳನ್ನೂ ಒಟ್ಟಿಗೆ ಹಿಡಿದುಕೊಂಡು ನಡೆಯುವುದೇ ರಾಜ್ಯತಂತ್ರವೆಂಬುದರ ನಿಜವಾದ ಭಾರ.

ಅದೇ ವರ್ಷದ ಆಗಸ್ಟಿನಲ್ಲಿ ಹಿಮಾಲಯದ ತಪ್ಪಲಲ್ಲಿ ಮಳೆ ಹುಚ್ಚಾಗಿ ಸುರಿಯಿತು. ಜಮ್ಮುವಿನಲ್ಲಿ ತಾವಿ ನದಿ ಉಕ್ಕಿ, ನೀರು ಗಡಿಯ ಕಡೆಗೆ ಹರಿಯತೊಡಗಿತು. ಒಡಂಬಡಿಕೆಯು ಅಮಾನತಿನಲ್ಲಿದ್ದುದರಿಂದ ಕಮಿಷನರರ ದಾರಿಯು ಮುಚ್ಚಿತ್ತು. ಆದರೂ ಭಾರತವು ಇಸ್ಲಾಮಾಬಾದಿನಲ್ಲಿರುವ ತನ್ನ ರಾಯಭಾರ ಕಚೇರಿಯ ಮೂಲಕ, ಪ್ರವಾಹ ಬರುತ್ತಿದೆ, ಎಚ್ಚರದಿಂದಿರಿ ಎಂದು ಪಾಕಿಸ್ತಾನಕ್ಕೆ ತಿಳಿಸಿತು. ಇದು ಕರಾರಿನ ಮೇರೆಗಲ್ಲ, ಮನುಷ್ಯಧರ್ಮದ ಮೇರೆಗೆ ಎಂದಿತು. ಮುಂದಿನ ದಿನಗಳಲ್ಲಿ ಎರಡು ಪಂಜಾಬಗಳ ಹೊಲಗಳೂ ಹಳ್ಳಿಗಳೂ ಒಂದೇ ಕೆಂಪುನೀರಿನಲ್ಲಿ ಮುಳುಗಿದುವು. ಗೆರೆಯು ಎಲ್ಲಿದೆಯೆಂಬುದು ಆ ನೀರಿನ ಮೇಲೆ ಕಾಣುವಂತಿರಲಿಲ್ಲ. ಯಾವ ಹೆಸರಿನಿಂದಾದರೂ ಆಗಲಿ, ಅಂದು ಮಾತು ಆಡಲೇಬೇಕಾಯಿತು. ಇನ್ನೊಂದು ಮಳೆಗಾಲವು ಬರುವುದರೊಳಗೆ, ಇನ್ನೊಂದು ಬಿತ್ತನೆಯ ಕಾಲವು ತಪ್ಪುವುದರೊಳಗೆ, ಆ ಮಾತಿಗೆ ಮತ್ತೆ ಒಂದು ಜಗುಲಿಯನ್ನು ಕಟ್ಟಿಕೊಳ್ಳುವುದು ಎರಡು ಮನೆಯ ಹಿರಿಯರಿಗೂ ಸೇರಿದ ಕೆಲಸ.